ಜ್ವರದ ಫಿಟ್ಸು, ಗ್ಲೈಸಿನ್ ಮತ್ತು ನಮ್ಮ ಗವಿಸಿದ್ದೇಶ್ ಡಾಕ್ಟರು

ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? — ಕೇಳಿಸುತ್ತಿದೆಯಂತೆ. ಸರಿ.

ದುಃಖದಲ್ಲಿರುವ ಡಾಕ್ಟರ ಹೆಂಡತಿ ನಾಗಲಿಂಗಮ್ಮನವರೇ, ಮಗಳು ಅರ್ಚನಾ, ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ವೈದ್ಯರ ಸಂಘದ ಪ್ರವೀಣಕುಮಾರ್ ಅವರೇ, ಕೊಟ್ಟೂರಿನ ಹಿರಿಯರೇ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯಿಂದ ಬಸ್ಸು ಹಿಡಿದು ಬಂದಿರುವ ತಾಯಂದಿರೇ, ಅವರ ತೊಡೆ ಮೇಲೆ ಕೂತು ಆಗಲೇ ಅಳಲು ಶುರು ಮಾಡಿರುವ ಮಕ್ಕಳೇ — ಅಳಿ, ಅಳಿ, ಯಾರೂ ಬೈಯುವುದಿಲ್ಲ. ಗವಿಸಿದ್ದೇಶ್ ಡಾಕ್ಟರ ಸಭೆಯಲ್ಲಿ ಮಕ್ಕಳ ಅಳು ಕೇಳಿಸದಿದ್ದರೆ ಬೇರೆ ಯಾರದೋ ಸಭೆಗೆ ಬಂದೆವೇನೋ ಅನ್ನಿಸಿಬಿಡುತ್ತದೆ.

ನಾನು ಪುಷ್ಪಲತಾ. ಹೆರಿಗೆ ಡಾಕ್ಟರು. ಗವಿಸಿದ್ದೇಶ್ ಅವರು ಮಕ್ಕಳ ಡಾಕ್ಟರು. ಅವರದೂ ನನ್ನದೂ ಒಂದೇ ನರ್ಸಿಂಗ್ ಹೋಮು, ನಡುವೆ ಒಂದು ಗೋಡೆ. ನಾನು ಹೆರಿಗೆ ಮಾಡಿಸಿ ಈ ಕಡೆಯಿಂದ ಮಗು ಕೊಡುತ್ತಿದ್ದೆ. ಅವರು ಆ ಕಡೆ ಇಸಿದುಕೊಂಡು, "ಏನ್ರೀ ಪುಷ್ಪಲತಾ, ಇಷ್ಟ್ ಸಣ್ಣಕ ಐತಿ!" ಅಂತ ನನ್ನನ್ನೇ ಬೈಯುತ್ತಿದ್ದರು. ಹೆತ್ತವಳು ನಾನೇ ಅನ್ನೋ ಹಾಗೆ.

ಸಂಘದವರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಗಂಭೀರವಾಗಿ ಮಾತಾಡಿ ಮೇಡಂ ಅಂತಲೂ ಹೇಳಿದ್ದಾರೆ. ಪ್ರಯತ್ನ ಮಾಡುತ್ತೇನೆ — ಕಳೆದ ವಾರ ಡಾಕ್ಟರು ಬೆಳಗಿನ ಓಪಿ ಮುಗಿಸಿದರು. ಒಬ್ಬ ಅಜ್ಜಿಗೆ ಚೆನ್ನಾಗಿ ಬೈದರು. ಊಟಕ್ಕೆ ಅಂತ ಮೇಲೆ ಮನೆಗೆ ಹೋದರು. ಇಳಿದು ಬರಲಿಲ್ಲ. — ಇದಕ್ಕಿಂತ ಹೆಚ್ಚು ಗಂಭೀರವಾಗಿ ನನಗೆ ಹೇಳಲು ಬರುವುದಿಲ್ಲ. ಮುಂದಕ್ಕೆ ಹೋಗೋಣ.

ಈ ಫೋಟೋ ನೋಡಿ. ನಗುತ್ತಿದ್ದಾರೆ. ಅವರು ನಗುವ ಫೋಟೋ ಇದೊಂದೇ ಸಿಕ್ಕಿದ್ದು ಅಂತ ಅರ್ಚನಾ ಹೇಳಿದಳು. ಹೂವಿನಹಡಗಲಿಯಲ್ಲಿ ಅವರಿಗೆ ಸನ್ಮಾನ ಆದ ದಿನ ತೆಗೆದದ್ದು. ಇದನ್ನು ತೆಗೆದು ಸ್ವಲ್ಪ ಹೊತ್ತಿಗೆ ಆ ನಗು ಎಲ್ಲಿಗೆ ಹೋಯಿತು ಅನ್ನುವುದೇ ನಾನು ಇವತ್ತು ಹೇಳಬೇಕಾದ ಕಥೆ.

ಜ್ವರದ ಫಿಟ್ಸು ಅಂದರೇನು ಅಂತ ಇಲ್ಲಿರುವ ತಾಯಂದಿರಿಗೆ ನಾನು ಪಾಠ ಮಾಡಬೇಕಾಗಿಲ್ಲ. ಐದು ವರ್ಷದ ಒಳಗಿನ ಮಕ್ಕಳಲ್ಲಿ ಕೆಲವರಿಗೆ ಜ್ವರ ಬಂದಾಗ ಮೈ ಸೆಟೆಯುತ್ತದೆ, ಕಣ್ಣು ಮೇಲಾಗುತ್ತದೆ, ಕೈಕಾಲು ಅದುರುತ್ತವೆ. ಹೆತ್ತವಳಿಗೆ ಕೂಸು ಕೈಬಿಟ್ಟು ಹೋಯಿತು ಅನ್ನಿಸುತ್ತದೆ. ಆದರೆ ಹೆಚ್ಚಿನ ಮಕ್ಕಳಲ್ಲಿ ಅದು ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಲ್ಲುತ್ತದೆ. ಮಗು ದೊಡ್ಡದಾಗುತ್ತಾ ಬಿಟ್ಟೂ ಹೋಗುತ್ತದೆ. ಡಾಕ್ಟರು ಹೇಳುತ್ತಿದ್ದದ್ದು ಇಷ್ಟೇ — ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಎತ್ತಿಕೊಂಡು ಓಡಿ ಬನ್ನಿ, ನಿಂತರೂ ಒಮ್ಮೆ ತೋರಿಸಿಕೊಂಡು ಹೋಗಿ.

ಆದರೆ ನಮ್ಮ ಜನ ಗಡಿಯಾರ ನೋಡಿಕೊಂಡು ಕೂರುವವರೇ? ಒಬ್ಬರು ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ, ಒಬ್ಬರು ಹಲ್ಲಿನ ನಡುವೆ ಚಮಚ ಇಡುತ್ತಾರೆ, ಇನ್ನೊಬ್ಬರು ಅಂಗೈಗೆ ಕಬ್ಬಿಣದ ಕೀಲಿ ಒತ್ತುತ್ತಾರೆ. ಫಿಟ್ಸ್ ಬಂದ ಮಕ್ಕಳೆಲ್ಲ ನಮ್ಮ ನರ್ಸಿಂಗ್ ಹೋಮಿಗೆ ಒಂದೊಂದು ಕೀಲಿ ಹಿಡಿದುಕೊಂಡೇ ಬರುತ್ತಿದ್ದವು. ಗಾಬರಿಯಲ್ಲಿ ಅವನ್ನು ಇಲ್ಲೇ ಬಿಟ್ಟು ಹೋಗುತ್ತಿದ್ದರು. ಟ್ರಂಕಿನ ಕೀಲಿ, ಅಂಗಡಿ ಕೀಲಿ, ಒಮ್ಮೆಯಂತೂ ಒಂದು ಊರಿನ ಸೊಸೈಟಿ ಗೋಡೌನಿನ ಕೀಲಿ. ಆ ಊರಿನವರು ರೇಷನ್ ಚೀಲ ಹಿಡಿದುಕೊಂಡು ನಮ್ಮ ಬಾಗಿಲಿಗೇ ಬಂದಿದ್ದರು.

ಹರಪನಹಳ್ಳಿ ಬಸ್ಸಿನ ಕಥೆ ಗೊತ್ತಿರಬೇಕು ನಿಮಗೆ. ಓಡುವ ಬಸ್ಸಿನಲ್ಲಿ ಒಂದು ಮಗುವಿಗೆ ಫಿಟ್ಸ್ ಬಂತು. ಕಂಡಕ್ಟರು "ಕಬ್ಬಿಣ, ಕಬ್ಬಿಣ" ಅಂತ ಕೂಗಿಕೊಂಡ. ಡ್ರೈವರು ಹಿಂದೆ ಮುಂದೆ ನೋಡದೆ ಬಸ್ಸು ಬದಿಗೆ ಹಾಕಿ, ಕೀಲಿ ಕಿತ್ತು ಮಗುವಿನ ಕೈಗೆ ಕೊಟ್ಟ. ಸ್ವಲ್ಪ ಹೊತ್ತಿಗೆ ಮಗು ಸುಧಾರಿಸಿತು. ಇಡೀ ಬಸ್ಸು ನಮ್ಮಲ್ಲಿಗೇ ಬಂತು. ಡ್ರೈವರು ಎದೆ ಉಬ್ಬಿಸಿಕೊಂಡು, "ನೋಡ್ರಿ ಡಾಕ್ಟ್ರೇ, ಕೀಲಿ ಕೊಟ್ಟ ಕೂಡ್ಲೆ ನಿಂತ್ತು" ಅಂದ. ಡಾಕ್ಟರು ಕನ್ನಡಕ ಮೇಲಕ್ಕೆ ಸರಿಸಿ — ಹೀಗೆ — ಹೇಳಿದರು: "ಫಿಟ್ಸು ತಾನ ನಿಂತೈತಿ. ಕೀಲಿಯಿಂದ ನಿಂತಿದ್ದು ನಿನ್ನ ಬಸ್ಸು."

ಬೈಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೆ ಒಂದು ಮಾತಿಗೆ ಮಾತ್ರ ಅವರ ಬಾಯಿ ಕಟ್ಟುತ್ತಿತ್ತು. ಮಗುವಿಗೆ ಫಿಟ್ಸ್ ನಿಂತ ಮೇಲೆ, ಜೊತೆಗೆ ಬಂದ ಅಜ್ಜಿ ಸೊಸೆಯ ಕಡೆ ತಿರುಗಿ ಒಂದು ಮಾತು ಹೇಳುತ್ತಿದ್ದಳಲ್ಲ — "ಈಕೀದ ಇದೆಲ್ಲ. ಈಕಿ ಕಡಿಯಿಂದ ಬಂದದ್ದು." — ಆ ಮಾತಿಗೆ. ಯಾಕೆಂದರೆ ಅಜ್ಜಿ ಆಮೇಲೆ ಡಾಕ್ಟರನ್ನೇ ಕೇಳುತ್ತಿದ್ದಳು, ಹಾಗಾದರೆ ಯಾಕೆ ಬಂತು ಹೇಳ್ರಿ. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳು, ಇಬ್ಬರಿಗೂ ಅಷ್ಟೇ ಜ್ವರ, ಒಬ್ಬನಿಗೆ ಬರುತ್ತದೆ, ಇನ್ನೊಬ್ಬನಿಗಿಲ್ಲ. ಯಾಕೆ? ಇವರ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಅಜ್ಜಿಯ ಹತ್ತಿರ ಇತ್ತು.

ಕೂಡ್ಲಿಗಿಯ ಹಂಪಕ್ಕ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ಕಥೆ ಹೇಳಲು ಅವರನ್ನೂ ಅವರ ಮಗ ಸೊಸೆಯನ್ನೂ ಕೇಳಿದ್ದೇನೆ. "ಹೇಳ್ರಿ, ಬಿಟ್ಟಿದ್ದನ್ನ ನಾನ ತುಂಬ್ತೀನಿ" ಅಂದಿದ್ದಾರೆ ಹಂಪಕ್ಕ. ಅವರ ಸೊಸೆ ದುರ್ಗಾದೇವಿ, ಹಿರೇಹಡಗಲಿಯ ಹುಡುಗಿ. ಮಗು ಸಮತಾಗೆ ಒಂದೂವರೆ ವರ್ಷ ಇದ್ದಾಗ, ತವರಿಗೆ ಹೋದಾಗಲೇ ಜ್ವರ ಬಂತು, ಫಿಟ್ಸೂ ಬಂತು. ಸುದ್ದಿ ಕೇಳಿ ಹೋದ ಹಂಪಕ್ಕ ಬೀಗರ ಅಂಗಳದಲ್ಲೇ ನಿಂತು ತೀರ್ಪು ಕೊಟ್ಟರು — ನಿಮ್ಮ ವಂಶದ್ದು, ನಿಮ್ಮ ಮನಿಯಾಗ ಇರ್ಲಿ. ಗಂಡ ಶ್ರೀನಾಥ ತಾಯಿಗೆ ಎದುರಾಡುವವನಲ್ಲ. ದುರ್ಗಾದೇವಿ ಮಗುವಿನೊಂದಿಗೆ ಹಿರೇಹಡಗಲಿಯಲ್ಲೇ ಉಳಿದಳು.

ಮಗುವನ್ನು ತೋರಿಸಲು ಬಂದಾಗ ಅವಳು ಹೇಳಿದ ಈ ಮಾತು ಡಾಕ್ಟರ ಮನಸ್ಸಿಗೆ ಬಹಳ ನಾಟಿತು. ಅದೇ ಸಮಯಕ್ಕೆ ಅವರು ಅಮೈನೋ ಆಮ್ಲಗಳ ಬಗ್ಗೆ ಓದುತ್ತಿದ್ದರು. ನಾವು ತಿನ್ನುವ ಬೇಳೆ, ಕಾಳು, ಹಾಲು ಎಲ್ಲ ಹೊಟ್ಟೆಯಲ್ಲಿ ಒಡೆದು ಸಣ್ಣ ಸಣ್ಣ ಕಣಗಳಾಗುತ್ತವಲ್ಲ, ಅವೇ ಅಮೈನೋ ಆಮ್ಲ. ಅದರಲ್ಲಿ ಎಲ್ಲಕ್ಕಿಂತ ಸಣ್ಣದು ಗ್ಲೈಸಿನ್. ನರಗಳು ಕುಣಿಯಲು ಹತ್ತಿದಾಗ "ಸಾಕು, ಸುಮ್ಮನಿರು" ಅಂತ ಹೇಳುವ ಕೆಲಸದಲ್ಲಿ ಅದಕ್ಕೂ ಒಂದು ಪಾಲಿದೆ. ಹಾಗಿದ್ದರೆ ಫಿಟ್ಸ್ ಬರುವ ಮಕ್ಕಳ ರಕ್ತದಲ್ಲಿ ಅದು ಕಡಿಮೆ ಇರಬಹುದೇ? ಇದ್ದರೆ ಹೆತ್ತವಳ ಮೇಲಿನ ಅಪವಾದ ತಪ್ಪುತ್ತದೆ. ಅವರ ಲೆಕ್ಕ ಇಷ್ಟೇ. ಬಾಕಿಯವರು ಸಂಶೋಧನೆ ಮಾಡುವುದು ಪ್ರಮೋಷನ್ನಿಗೆ. ಇವರಿಗೆ ಅತ್ತೆಯಂದಿರ ಬಾಯಿ ಮುಚ್ಚಿಸಬೇಕಿತ್ತು.

ಸಂಶೋಧನೆಗೆ ಒಪ್ಪಿಗೆ ಕೊಡುವ ಕಮಿಟಿಯಿಂದ ಅನುಮತಿ ತಂದರು. ಎರಡು ಗುಂಪು ಮಾಡಿದರು — ಜ್ವರದಲ್ಲಿ ಫಿಟ್ಸ್ ಬಂದ ಮಕ್ಕಳು, ಜ್ವರ ಬಂದೂ ಫಿಟ್ಸ್ ಬಾರದ ಮಕ್ಕಳು. ಎರಡೂ ಗುಂಪಿನ ಮಕ್ಕಳ ರಕ್ತವನ್ನೂ ಸ್ವಲ್ಪ ಸ್ವಲ್ಪ ತೆಗೆದು ದಾವಣಗೆರೆಯ ಒಂದು ಲ್ಯಾಬಿಗೆ ಕಳಿಸಬೇಕು. "ಎರಡು ಎಂಎಲ್" ಅಂದರೆ ಅಜ್ಜಿಯಂದಿರು "ಒಂದು ಮಾಡ್ಕೊಳ್ರಿ" ಅಂತ ಸಂತೆಯ ಹಾಗೆ ಚೌಕಾಸಿಗೆ ನಿಲ್ಲುತ್ತಿದ್ದರು. ಇನ್ನು ಸ್ಯಾಂಪಲ್ ಕಳಿಸುವ ತನಕ ತಣ್ಣಗಿಡಬೇಕಲ್ಲ? ನಮ್ಮ ಕರೆಂಟು ನಿಮಗೆ ಗೊತ್ತು. ಊರಿನಲ್ಲಿ ಜನರೇಟರ್ ಇದ್ದ ದೊಡ್ಡ ಫ್ರೀಜರ್ ಒಂದೇ — ಮರುಳಪ್ಪನ ಐಸ್‌ಕ್ರೀಂ ಅಂಗಡಿಯದು. ಡಾಕ್ಟರು ಸ್ಟೀಲ್ ಡಬ್ಬಿಗೆ ಸೀಲ್ ಹಾಕಿ, ಬೀಗ ಜಡಿದು ತೆಗೆದುಕೊಂಡು ಹೋದರೆ ಮರುಳಪ್ಪ ಭಕ್ತಿಯಿಂದ ಕೇಳುತ್ತಿದ್ದ: "ಮ್ಯಾಂಗೋ ಬಾಜೂಕ ಇಡ್ಲೋ, ಪಿಸ್ತಾ ಬಾಜೂಕ ಇಡ್ಲೋ?" — ಆಹಾರ ಇಲಾಖೆಯವರು ಯಾರಾದರೂ ಇದ್ದರೆ ಗಾಬರಿ ಬೇಡ. ಆ ಅಂಗಡಿಯಲ್ಲಿ ಈಗ ಮೊಬೈಲ್ ಮಾರುತ್ತಾರೆ.

ಹೀಗೇ ಎರಡು ವರ್ಷ. ಫಲಿತಾಂಶ ಬಂತು. ಬಂದ ದಿನ ಡಾಕ್ಟರು ಗೋಡೆ ಬಡಿದರು. ನಾನು ಹೆರಿಗೆ ಮಾಡಿಸುತ್ತಿದ್ದೆ, ಆ ಕಡೆಯಿಂದ ದಬದಬ ಸದ್ದು. ಫಿಟ್ಸ್ ಬಂದ ಮಕ್ಕಳಲ್ಲಿ ಗ್ಲೈಸಿನ್ ಕಡಿಮೆ! ಸ್ವಲ್ಪ ಅಲ್ಲ, ಕಣ್ಣಿಗೆ ಹೊಡೆಯುವಷ್ಟು ಕಡಿಮೆ!

ಸುಮ್ಮನಿರಬೇಕಿತ್ತು. ಪತ್ರಿಕೆಗೆ ಕಳಿಸಿ, ನಾಲ್ಕು ಜನ ತಿಳಿದವರು ಪರೀಕ್ಷೆ ಮಾಡುವ ತನಕ ಕಾಯಬೇಕಿತ್ತು. ನಾನೂ ಹೇಳಿದೆ. ಕೇಳುವವರೇ? ಆ ಭಾನುವಾರವೇ ಕೂಡ್ಲಿಗಿಗೆ ಹೋಗಿ ಹಂಪಕ್ಕನ ಮುಂದೆ ಕಾಗದ ಹಿಡಿದು, "ನೋಡವಾ, ರಕ್ತದಾಗ ಒಂದು ಅಂಶ ಕಮ್ಮಿ ಬಿದ್ದು ಹಿಂಗಾಗೈತಿ. ನಿನ್ನ ಸೊಸಿ ತಂದದ್ದಲ್ಲ" ಅಂದು ಬಂದರು. ಮುಂದಿನ ವಾರ ಹಂಪಕ್ಕ ತಾವೇ ಹಿರೇಹಡಗಲಿಗೆ ಹೋಗಿ ಸೊಸೆ ಮೊಮ್ಮಗಳನ್ನು ಕರೆದುಕೊಂಡು ಬಂದರು. ಡಾಕ್ಟರಂತೂ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದರು. ಒಂದು ಸಂಸಾರ ಕೂಡಿಸಿದೆ ಅನ್ನುವ ಸಂಭ್ರಮ.

ಅದನ್ನು ಕೇಳಿದ ಹಡಗಲಿಯವರು ಇಟ್ಟುಕೊಂಡದ್ದೇ ಆ ಸನ್ಮಾನ. ಹಡಗಲಿ ಅಂದ ಮೇಲೆ ಮಲ್ಲಿಗೆಗೆ ಏನು ಕೊರತೆ? ಡಾಕ್ಟರ ಕೊರಳಿಗೆ ಹಾಕಿದ ಹಾರದಲ್ಲಿ ಅವರ ಮುಖವೇ ಕಾಣುತ್ತಿರಲಿಲ್ಲ. ಫೋಟೋದವನು ಹೂವು ಸರಿಸಿ ಸರಿಸಿ ತೆಗೆದ. ಇದೇ ಫೋಟೋ. ಆಮೇಲೆ ಯಾರಿಗೋ ಒಳ್ಳೆ ಬುದ್ಧಿ ಬಂತು. ಸಾಧಕರ ಹಿಂದೆ ಇರುವ ಅಮ್ಮನವರೂ ಎರಡು ಮಾತಾಡಲಿ ಅಂದರು. ನಾಗಲಿಂಗಮ್ಮ ಬೇಡ ಬೇಡ ಅನ್ನುತ್ತಲೇ ಮೈಕ್ ಹಿಡಿದರು.

"ನಂದೇನೈತ್ರಿ ಇದ್ರಾಗ. ನೆತ್ತರ ಕೊಡಾಕ ಬಂದ ಕೂಸುಗಳು ಬರಿ ಹೊಟ್ಟಿಲೆ ಕುಂತಿರ್ತಿದ್ವು. ಒಂದೊಂದು ಶೇಂಗಾ ಉಂಡಿ ಕೊಟ್ಟೀನಿ, ಅಷ್ಟ."

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹಾರದ ಒಳಗಿನಿಂದ ಡಾಕ್ಟರ ಕೈ ಮಾತ್ರ ಹೊರಗೆ ಬಂತು. ಇನ್ನೊಂದು ಮೈಕ್ ಹಿಡಿಯಿತು.

"ಯಾವಾಗ ಕೊಡ್ತಿದ್ದಿ?"

"ನೆತ್ತರ ತೆಗಿಯೋಕಿಂತ ಮೊದ್ಲ. ಆಮ್ಯಾಲೆ ಅತ್ಕೊಂತ ತಿಂತಾವೇನು?"

"ಎಲ್ಲಾ ಮಕ್ಕಳಿಗೂ ಕೊಟ್ಟೀಯೇನು?"

"ಎಲ್ಲಾರಿಗೂ ಹೆಂಗ ಕೊಡ್ಲಿ? ಫಿಟ್ಸ್ ಬಂದ ಕೂಸುಗಳು ಕಣ್ಣ ಬಿಡ್ತಿರಲಿಲ್ಲ. ಜ್ವರದ ಔಷಧ ಕುಡಿದು ಆಡ್ತಿದ್ವಲ್ಲ, ಅವಕ್ಕ ಕೊಟ್ಟೀನಿ."

ಗಂಡ ಹೆಂಡತಿ, ಎರಡು ಮೈಕು, ತುಂಬಿದ ಸಭೆ. ನಾನು ವೈದ್ಯೆ, ನನಗೆ ಅಲ್ಲಿಗೇ ಅರ್ಥವಾಯಿತು. ಶೇಂಗಾ ತಿಂದರೆ ಗ್ಲೈಸಿನ್ ಏರದೆ ಇನ್ನೇನಾಗುತ್ತದೆ? ಒಂದು ಗುಂಪು ಉಪವಾಸ, ಇನ್ನೊಂದು ಗುಂಪಿನ ಹೊಟ್ಟೆಯಲ್ಲಿ ಉಂಡಿ. ಲ್ಯಾಬಿನವರು ಹೇಳಿದ್ದರು, ಮಕ್ಕಳ ಊಟ ಆಗಿ ಎಷ್ಟು ಹೊತ್ತಾಯಿತು ಕೇಳಿ ಅಂತ. ಇವರು ತಾಯಂದಿರನ್ನು ಕೇಳಿದ್ದರು. "ಮನಿಯಾಗ ಏನೂ ತಿಂದಿಲ್ರಿ" ಅಂದಿದ್ದರು. ಸುಳ್ಳೇನಲ್ಲ, ಮನೆಯಲ್ಲಿ ತಿಂದಿರಲಿಲ್ಲ. ನಮ್ಮ ಕಡೆ ಮನೆ ಬಾಗಿಲಿಗೆ ಬಂದ ಮಗುವನ್ನು ಬರಿ ಹೊಟ್ಟೆಯಲ್ಲಿ ಕೂರಿಸುವುದುಂಟೇ? ನರ್ಸಿಂಗ್ ಹೋಮಿನ ಮೇಲೆಯೇ ಮನೆ ಇದ್ದರೆ ಹೀಗೇ ಆಗುವುದು.

ಡಾಕ್ಟರು ಹಾರ ತೆಗೆದರು. ಮಡಿಸಿ ಮೇಜಿನ ಮೇಲಿಟ್ಟರು. "ಬಂಧುಗಳೇ, ನನ್ನ ಸಂಶೋಧನೆ ತಪ್ಪಾಗಿದೆ. ನಾನು ಎರಡು ವರ್ಷ ಅಳೆದದ್ದು ಫಿಟ್ಸಿನ ಕಾರಣವನ್ನಲ್ಲ. ನನ್ನ ಹೆಂಡತಿಯ ಶೇಂಗಾ ಉಂಡಿಯನ್ನು" ಅಂದರು. ಜನ ವಿನಯದ ಮಾತು ಅಂದುಕೊಂಡು ಮತ್ತೆ ಚಪ್ಪಾಳೆ ತಟ್ಟಿದರು.

ಮೂವರೂ ಕಾರು ಹತ್ತಿದೆವು. ನಾಗಲಿಂಗಮ್ಮ ಹಿಂದೆ ಕೂತು ಅಳುತ್ತಿದ್ದರು. ಡಾಕ್ಟರು ಅವರಿಗೆ ಒಂದು ಮಾತೂ ಬೈಯಲಿಲ್ಲ. ಹೇಳಿದರೆ ನೀವು ನಂಬುವುದಿಲ್ಲ — ಬೈಯಲೇ ಇಲ್ಲ! ನನಗೆ ಹೆದರಿಕೆಯಾಯಿತು. ಆಮೇಲೆ ಮೆಲ್ಲಗೆ ಹೇಳಿದರು: "ಪುಷ್ಪಲತಾ, ನಾಳಿ ಪೇಪರಿನಾಗ ಬರತೈತಿ. ಹಂಪಕ್ಕ ಯಾರ ಕಡಿಂದರ ಓದಿಸ್ತಾಳ. ಆ ಹುಡುಗಿ ಗಂಟು ಮತ್ತ ಹೊರಗ ಬೀಳತೈತಿ."

"ಒಂದೆರಡು ತಿಂಗಳು ಸುಮ್ಮನಿದ್ದು ಆಮೇಲೆ ಹೇಳಬಹುದಿತ್ತು" ಅಂದೆ ನಾನು. ನನ್ನ ಕಡೆ ನೋಡಿದರು. ಅಂಥ ನೋಟ ಅವರು ಬಾಯಿಗೆ ಚಮಚ ತುರುಕಿದವರಿಗೆ ಮಾತ್ರ ಕೊಡುತ್ತಿದ್ದರು. ಕಾರು ಕೊಟ್ಟೂರಿನಲ್ಲಿ ನಿಲ್ಲಲಿಲ್ಲ. ನೇರ ಕೂಡ್ಲಿಗಿ.

ಹಂಪಕ್ಕ ಕಟ್ಟೆ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಶ್ರೀನಾಥ ಬಾಗಿಲಲ್ಲಿ, ದುರ್ಗಾದೇವಿ ಒಳಗೆ, ಕೈಯಲ್ಲಿ ಮಗು. ಡಾಕ್ಟರು ಕೂರಲಿಲ್ಲ. ನಿಂತೇ ಹೇಳಿದರು: "ಹಂಪಕ್ಕ, ನಾ ಅವತ್ತು ಹೇಳಿದ್ದು ತಪ್ಪು. ನನ್ನ ಲೆಕ್ಕ ತಪ್ಪೈತಿ. ಯಾಕ ಬಂತು ಅಂತ ನನಗ ಗೊತ್ತಿಲ್ಲ. ಆದ್ರ ಆ ಹುಡುಗೀನ ಮತ್ತ ಕಳಿಸಬ್ಯಾಡ."

ಮೊರ ನಿಂತಿತು. ದುರ್ಗಾದೇವಿ ಒಳಗೆ ಗೋಡೆಗೆ ಒರಗಿದ್ದು ನನಗೆ ಕಾಣುತ್ತಿತ್ತು. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಹಂಪಕ್ಕ ಅಂದರು: "ನಿಮ್ಮ ಗ್ಲೈಸಿನ್ನು ಗಿಲೈಸಿನ್ನು ನನಗೇನು ತಿಳಿತೈತ್ರಿ? ಅದನ್ನ ಕೇಳಿ ಕರ್ಕೊಂಡು ಬಂದೀನಿ ಅಂತ ತಿಳ್ಕೊಂಡೀರೇನು? ಕೂಸಿಲ್ದ ಮನಿ ಬಿಕೋ ಅಂತಿತ್ತು. ಹೋಗಿ ಕರಿಯಾಕ ನನಗೊಂದು ನೆವ ಬೇಕಿತ್ತು. ನೀವು ಕೊಟ್ರಿ. ತಗೊಂಡೆ."

ಡಾಕ್ಟರ ಮುಖ ನೋಡಬೇಕಿತ್ತು ನೀವು. "ಅಂದ್ರ ನನ್ನ ಎರಡು ವರ್ಷದ ಕೆಲಸ—"

"ನೆವಕ್ಕ ಚಲೋ ಇತ್ತು ಬಿಡ್ರಿ."

ನನಗೆ ನಗು ತಡೆಯಲಾಗಲಿಲ್ಲ. ಆದರೆ ಹಂಪಕ್ಕ ನಗಲಿಲ್ಲ. ಮೊರ ಕೆಳಗಿಟ್ಟರು. ಸೆರಗಿನಿಂದ ಕೈ ಒರೆಸಿಕೊಂಡರು.

"ಇಷ್ಟ್ ದೊಡ್ಡವ್ರು ನೀವು. ಮಾಲಿ ಹಾಕಿಸ್ಕೊಂಡ ದಿನಾನ ನನ್ನ ಮನಿ ಮುಂದ ನಿಂತು ತಪ್ಪಾತು ಅಂದ್ರಿ. ಇನ್ನ ನಾ ಹೆಂಗ ಸುಮ್ನ ಕುಂದರ್ಲಿ?" — ಮಗನ ಕಡೆ ಕೈ ತೋರಿಸಿದರು — "ಇವಗೂ ಬರ್ತಿತ್ರಿ. ಸಣ್ಣಾವಿದ್ದಾಗ, ಜ್ವರ ಬಂದಾಗೆಲ್ಲ."

ಶ್ರೀನಾಥ ಬೆಚ್ಚಿಬಿದ್ದ. "ಯವ್ವಾ, ನನಗ?"

"ಹೂಂ, ನಿನಗ. ನಮ್ಮತ್ತಿ ನಿನ್ನ ನನ್ನ ಕೂಡಿಸಿ ತವರಿಗೆ ಕಳಿಸಿದ್ಲು. ಮಳಿಗಾಲ ಬ್ಯಾಸಿಗಿ ಎಲ್ಲಾ ಅಲ್ಲೇ ಕಳದೆ. ಬಂದ ಮ್ಯಾಲೆ ಯಾರ ಮುಂದೂ ಬಾಯಿ ಬಿಡಲಿಲ್ಲ. ನಿನಗ ಹೆಣ್ಣು ಯಾರು ಕೊಡ್ತಿದ್ರು?" ಆಮೇಲೆ ಒಳಗೆ ನೋಡಿ, ಧ್ವನಿ ತಗ್ಗಿಸಿ, "ನನ್ನ ಮಗನ ಕಡಿಂದ ಬಂತು ಅನಬಾರದು ಅಂತ ನಿನ್ನ ಮ್ಯಾಲ ಹಾಕಿದೆ ನೋಡವಾ" ಅಂದರು.

ದುರ್ಗಾದೇವಿ ಹೊರಗೆ ಬಂದು ಮಗುವನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿ, ನಮಗೆ ಚಹಾ ಇಡಲು ಒಳಗೆ ಹೋದಳು. ಆ ಚಹಾದಲ್ಲಿ ಸಕ್ಕರೆ ಇರಲಿಲ್ಲ. ಎಲ್ಲರೂ ಪೂರ್ತಿ ಕುಡಿದೆವು.

ಆಮೇಲೆ ಡಾಕ್ಟರು ಇಡೀ ಕೆಲಸ ಮೊದಲಿನಿಂದ ಮಾಡಿದರು. ಬಾಗಿಲಿಗೆ ಬೋರ್ಡು ಬಿತ್ತು: ರಕ್ತ ಮೊದಲು, ಉಂಡಿ ಆಮೇಲೆ. ನಾಗಲಿಂಗಮ್ಮ ಅದನ್ನು ಪೊಲೀಸರಿಗಿಂತ ಬಿಗಿಯಾಗಿ ಕಾದರು. ಈ ಸಲ ಗ್ಲೈಸಿನ್ನಿನಲ್ಲಿ ಸಿಕ್ಕಿದ ವ್ಯತ್ಯಾಸ ಬಹಳ ಸಣ್ಣದು. ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಒಂದು ಸಣ್ಣ ಪತ್ರಿಕೆಯಲ್ಲಿ ಲೇಖನ ಬಂತು. ಅದರ ಕೊನೆಯ ಸಾಲಿನಲ್ಲಿ "ಖಚಿತವಾಗಿ ಹೇಳಲಾಗದು" ಅಂತ ಇತ್ತು. ಆ ಸಾಲನ್ನು ಅವರು ಎಲ್ಲರಿಗೂ ಓದಿ ಹೇಳುತ್ತಿದ್ದರು, ರ‍್ಯಾಂಕ್ ಬಂದ ಮಗಳ ಅಂಕಪಟ್ಟಿ ತೋರಿಸಿದ ಹಾಗೆ. — ನಗಬೇಡ ಅರ್ಚನಾ, ನಿನ್ನ ಅಂಕಪಟ್ಟಿಯನ್ನು ಅವರು ಅಷ್ಟು ಜನಕ್ಕೆ ತೋರಿಸಲಿಲ್ಲ.

ಆದರೆ ಒಂದು ಹೊಸ ರೂಢಿ ಮಾಡಿಕೊಂಡರು. ಇದು ಮನೆತನದಲ್ಲಿ ಹರಿದು ಬರಬಹುದು ಅನ್ನುವುದು ಪುಸ್ತಕದಲ್ಲೇ ಇದೆ. ತಾಯಿ ಕಡೆಯಿಂದಲೂ ಬರಬಹುದು, ತಂದೆ ಕಡೆಯಿಂದಲೂ ಬರಬಹುದು. ಮೊದಲೂ ಕೇಳುತ್ತಿದ್ದರು, ಯಾರಿಗಾದರೂ ಬಂದಿತ್ತಾ ಅಂತ. ಎಲ್ಲರೂ ಇಲ್ಲ ಅನ್ನುತ್ತಿದ್ದರು. ಕೂಡ್ಲಿಗಿಯಿಂದ ಬಂದ ಮೇಲೆ ಬೇರೆ ರೀತಿ ಕೇಳತೊಡಗಿದರು. ಎಲ್ಲರನ್ನೂ ಹೊರಗೆ ಕಳಿಸಿ, ಗಂಡನ ತಾಯಿಯನ್ನು ಒಬ್ಬಳನ್ನೇ ಕೂರಿಸಿಕೊಂಡು, ಮೊದಲು ತಮ್ಮ ಶೇಂಗಾ ಉಂಡಿಯ ಕಥೆ ಹೇಳುತ್ತಿದ್ದರು. ಅಜ್ಜಿ ನಕ್ಕು ನಕ್ಕು ಸುಸ್ತಾದ ಮೇಲೆ, "ನಿನ್ನ ಮಗ ಸಣ್ಣಾವಿದ್ದಾಗ ಹೆಂಗಿದ್ದ ಅವಾ?" ಅನ್ನುತ್ತಿದ್ದರು. ಎಷ್ಟೋ ಅಜ್ಜಿಯರು ಆ ಕೋಣೆಯಿಂದ ಕಣ್ಣು ಒರೆಸಿಕೊಳ್ಳುತ್ತಾ ಬಂದು ಸೊಸೆಯ ಕೈ ಹಿಡಿದದ್ದನ್ನು ಗೋಡೆಯ ಈ ಕಡೆ ನನ್ನ ಬಾಗಿಲಲ್ಲಿ ನಿಂತು ನಾನು ನೋಡಿದ್ದೇನೆ. ಹಾರ ಹಾಕಿಸಿಕೊಂಡ ಡಾಕ್ಟರಿಗಿಂತ ನನಗೆ ಈ ಡಾಕ್ಟರೇ ಹೆಚ್ಚು ಇಷ್ಟ. ಇದನ್ನು ಅವರಿದ್ದಾಗ ಹೇಳಿದ್ದರೆ ಬೈಯುತ್ತಿದ್ದರು.

ಹತ್ತು ನಿಮಿಷ ಮುಗಿದು ಬಹಳ ಹೊತ್ತಾಯಿತು. ಅಧ್ಯಕ್ಷರು ಚೀಟಿ ಕಳಿಸಿದ್ದಾರೆ.

ಈಗ ನಾವೆಲ್ಲ ಎದ್ದು ನಿಲ್ಲಬೇಕು. ಆದರೆ ಒಟ್ಟಿಗೆ ಬೇಡ. ಸಣ್ಣವರಿದ್ದಾಗ ಜ್ವರದಲ್ಲಿ ಫಿಟ್ಸ್ ಬಂದಿದ್ದು ಯಾರಿಗೆ ಗೊತ್ತಿದೆಯೋ ಅವರು ಮೊದಲು ನಿಲ್ಲಿ. ಬಲವಂತ ಇಲ್ಲ. ಇಲ್ಲಿ ಯಾರೂ ಹೆಣ್ಣು ನೋಡಲು ಬಂದಿಲ್ಲ, ಗಂಡು ನೋಡಲೂ ಬಂದಿಲ್ಲ —

ಶ್ರೀನಾಥ ನಿಂತರು. ಹಂಪಕ್ಕ, ನೀವು ಕೂತುಕೊಳ್ಳಿ, ನಿಮಗೆ ಮೊಣಕಾಲು ನೋವು. — ಮಗನ ಜೊತೆ ನಿಲ್ಲುತ್ತಾರಂತೆ. ನಿಲ್ಲಿ.

ಆ ಕಡೆ ಇಬ್ಬರು ಹೆಣ್ಣುಮಕ್ಕಳು. ಕಂಬದ ಹತ್ತಿರ ಒಬ್ಬ ಹಿರಿಯರು. ನೀವೂ? — ಈ ಸಾಲಿನಲ್ಲಿ ಅಣ್ಣ ತಮ್ಮ ಇಬ್ಬರೂ. ಅಯ್ಯೋ, ಇಷ್ಟು ಜನ ಅಂತ ನನಗೇ ಗೊತ್ತಿರಲಿಲ್ಲ. — ಅಧ್ಯಕ್ಷರೇ, ನೀವು ಸಭೆಯ ಮರ್ಯಾದೆಗೆ ನಿಂತಿರೋ, ಇಲ್ಲಾ — ಸರಿ, ಕೇಳುವುದಿಲ್ಲ.

ಇನ್ನು ಉಳಿದವರೂ ಏಳಿ. ನಾಗಲಿಂಗಮ್ಮ, ನನ್ನ ಕೈ ಹಿಡಿದುಕೊಳ್ಳಿ. ಮಕ್ಕಳನ್ನು ಎತ್ತಿಕೊಳ್ಳಿ. ಎಲ್ಲರೂ ನಿಂತಿರಾ? — ಈಗ ಒಂದು ಸಲ ಸುತ್ತ ನೋಡಿ. ಯಾರಿಗೆ ಬಂದಿತ್ತು, ಯಾರಿಗೆ ಬಂದಿರಲಿಲ್ಲ, ನಿಮಗೆ ಗೊತ್ತಾಗುತ್ತಿದೆಯೇ? ನನಗೂ ಆಗುತ್ತಿಲ್ಲ. ನಿಮ್ಮ ಮಗುವೂ ದೊಡ್ಡದಾದ ಮೇಲೆ ಹೀಗೇ ಅಂತ ಡಾಕ್ಟರು ಒಬ್ಬೊಬ್ಬ ತಾಯಿಗೂ ಹೇಳಿ ಕಳಿಸುತ್ತಿದ್ದರು.

ಅವರಿಗಾಗಿ ಒಂದು ನಿಮಿಷ ಮೌನವಾಗಿರೋಣ. ಅಳುವ ಮಕ್ಕಳನ್ನು ಯಾರೂ ಸುಮ್ಮನಾಗಿಸಬೇಡಿ.